ಫೋನಿನಲ್ಲಿ ಮನೋಚಿಕಿತ್ಸೆ: ಮೊದಲು ನೋಡಬೇಕಾದದ್ದು ಆ ಕಡೆಯ ಕೋಣೆ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಮಳೆಗಾಲ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲು ಆಗುವುದಿಲ್ಲ. ಇವತ್ತು ಘಟ್ಟದ ರಸ್ತೆ ತೆರೆದಿದೆಯಾ, ಬಸ್ಸು ಬರುತ್ತದಾ ಎಂದು ಕೇಳಿಕೊಂಡೇ ಮನೆಯಿಂದ ಹೊರಡಬೇಕು. ಹೃದಯಾಘಾತ, ಅಪಘಾತ, ಹೆರಿಗೆಯ ವಿಷಯದಲ್ಲಿ ಈ ಮಾತು ಜಿಲ್ಲೆಯಲ್ಲಿ ಬಹಳ ಸಲ ಆಗಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಎದ್ದದ್ದೂ ಅದಕ್ಕೇ. ಮನಸ್ಸಿನ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಈ ಮಾತು ಅಷ್ಟಾಗಿ ಏಳುವುದಿಲ್ಲ.

ಆದರೆ ರಸ್ತೆಯ ತೊಂದರೆ ಹೆಚ್ಚು ಪೆಟ್ಟು ಕೊಡುವುದು ಇಂಥ ಚಿಕಿತ್ಸೆಗೇ. ಮಾತ್ರೆಯಾದರೆ ಒಂದು ತಿಂಗಳಿಗೆ ಸಾಕಾಗುವಷ್ಟು ಒಮ್ಮೆಲೇ ತರಬಹುದು. ಮಾತಿನ ಚಿಕಿತ್ಸೆ ಹಾಗಲ್ಲ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ವ್ಯಕ್ತಿಯ ಜೊತೆ, ಆರೆಂಟು ವಾರವಾದರೂ ಕೂರಬೇಕು. ಕೆಲವರಿಗೆ ಹದಿನೈದು, ಇಪ್ಪತ್ತು ವಾರ ಬೇಕಾಗುತ್ತದೆ. ಸಿದ್ದಾಪುರದ ಒಳಗಿನ ಹಳ್ಳಿಯವರೋ ಜೋಯಿಡಾದವರೋ ಪ್ರತಿ ವಾರ ಒಂದು ದಿನದ ಕೂಲಿ, ತೋಟದ ಕೆಲಸ, ಬಸ್ಸಿನ ಖರ್ಚು ಎಲ್ಲ ಬಿಟ್ಟು ಬರಲು ಸಾಧ್ಯವಾ? ಬಂದರೂ ಊರಿನವರ ಕಣ್ಣು ತಪ್ಪುವುದಿಲ್ಲ. 'ಅವರನ್ನ ಧಾರವಾಡಕ್ಕೆ ಕರ್ಕೊಂಡು ಹೋಗಿದ್ರಂತೆ' (ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ) ಎಂಬ ಒಂದು ಮಾತು ಸಾಕು, ಮನೆಯವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್. ಬೇರೆ ಬೇರೆ ಮಾನಸಿಕ ತೊಂದರೆ ಇರುವವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಅದು ಹೇಳಿತು. ಈ ಕೊರತೆ ತುಂಬಲು ಮನಶ್ಶಾಸ್ತ್ರಜ್ಞರು ಫೋನು, ವಿಡಿಯೊ ಕರೆಯ ಮೂಲಕ ಚಿಕಿತ್ಸೆ ಕೊಡಬಹುದು, ಕೊಡಬೇಕು ಎಂದೇ ನಾನು ನಂಬಿದ್ದೇನೆ. ಆದರೆ ಅದನ್ನು ಶುರು ಮಾಡುವ ರೀತಿಯಲ್ಲಿ ಒಂದು ಕೊರತೆ ಕಾಣುತ್ತಿದೆ. ಹೊಸದಾಗಿ ಆರಂಭಿಸುವವರು ಒಳ್ಳೆ ಕ್ಯಾಮೆರಾ, ಒಳ್ಳೆ ಮೈಕು, ಬೆನ್ನ ಹಿಂದೆ ಪುಸ್ತಕದ ಕಪಾಟು, ಯಾವ ಆ್ಯಪ್ ಎಂದು ಯೋಚಿಸುತ್ತಾರೆ. ಅವೆಲ್ಲ ತಮ್ಮ ಕಡೆಯ ತಯಾರಿ. ಚಿಕಿತ್ಸೆ ಉಳಿಯುವುದೋ ಮುರಿಯುವುದೋ ಆ ಕಡೆಯ ಕೋಣೆಯಲ್ಲಿ. ಅಲ್ಲಿ ಬಾಗಿಲು ಇದೆಯಾ, ಫೋನು ಯಾರದ್ದು, ಪಕ್ಕದಲ್ಲಿ ಯಾರಿದ್ದಾರೆ, ಏನಾದರೂ ಆದರೆ ಹತ್ತು ನಿಮಿಷದಲ್ಲಿ ಯಾರು ಬರುತ್ತಾರೆ? ಇವಿಷ್ಟು ಗೊತ್ತಿಲ್ಲದೆ ಶುರು ಮಾಡಬಾರದು.

ಕೆಲಸ ಮಾಡುತ್ತದಾ?

ಫೋನಿನಲ್ಲಿ ಮಾತಾಡಿದರೆ ಖಿನ್ನತೆ ಹೋಗುತ್ತದಾ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಸಿಬಿಟಿಯಂಥ (ಯೋಚನೆ, ನಡವಳಿಕೆಯ ರೂಢಿ ಬದಲಿಸುವ ಮಾತಿನ ಚಿಕಿತ್ಸೆ) ಕ್ರಮಬದ್ಧ ಚಿಕಿತ್ಸೆಗಳು ವಿಡಿಯೊದಲ್ಲಿ ಕೊಟ್ಟರೂ ಎದುರು ಕೂತು ಕೊಟ್ಟಷ್ಟೇ ಹತ್ತಿರದ ಫಲ ಕೊಡುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕಾಳಿ ನದಿ ದಾಟಿದರೆ ಸಿಗುತ್ತದೆ. ಗೋವಾದ 'ಸಂಗಾತ್' ಸಂಸ್ಥೆ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಿತು. ಮನಶ್ಶಾಸ್ತ್ರದ ಪದವಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಮಾತಾಡಿಸಿತು. ಚಿಕಿತ್ಸೆಯ ತಿರುಳು ಸರಳ: ಬಿಟ್ಟುಹೋದ ದಿನನಿತ್ಯದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಮೂರು ತಿಂಗಳ ನಂತರ ಆ ಗುಂಪಿನಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಆರೈಕೆಯನ್ನೇ ಸ್ವಲ್ಪ ಉತ್ತಮಗೊಳಿಸಿ ಕೊಟ್ಟ ಇನ್ನೊಂದು ಗುಂಪಿನಲ್ಲಿ ಅದು ಶೇ. 39. ಇದು ಪೂರ್ತಿ ಫೋನ್ ಚಿಕಿತ್ಸೆಯ ಪ್ರಯೋಗವಲ್ಲ, ಹಾಗಂತ ಹೇಳುವುದು ತಪ್ಪಾಗುತ್ತದೆ. ಆದರೆ ನಮ್ಮಂಥದ್ದೇ ಕರಾವಳಿಯಲ್ಲಿ, ಕೊಂಕಣಿ ಮಾತಾಡುವ ಜನರ ನಡುವೆ, ಚಿಕ್ಕ ಆರೋಗ್ಯ ಕೇಂದ್ರದ ಕೋಣೆಯಲ್ಲಿ ಮಾತಿನ ಚಿಕಿತ್ಸೆ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಂಥ ಕೋಣೆ ಎಷ್ಟು ಮುಖ್ಯ ಎಂಬ ಮಾತಿಗೆ ಮುಂದೆ ಬರುತ್ತೇನೆ.

ಯಾರು ಮಾಡಬಹುದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇರಬೇಕು. ಉಳಿದ ಮನಶ್ಶಾಸ್ತ್ರಜ್ಞರನ್ನು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರಿಗಾಗಿ ಬರೆದದ್ದು. ಮನಶ್ಶಾಸ್ತ್ರಜ್ಞರು ಅದನ್ನು ತೋರಿಸಿ ಔಷಧ ಸೂಚಿಸುವಂತಿಲ್ಲ. ದೂರದಿಂದ ಕೊಡುವ ಮನೋಚಿಕಿತ್ಸೆಗಾಗಿಯೇ ನಿಮ್ಹಾನ್ಸ್ ಅದೇ ವರ್ಷ ಬೇರೆ ಮಾರ್ಗಸೂಚಿ ತಂದಿದೆ. ಶುರು ಮಾಡುವವರು ಅದನ್ನು ಓದಲೇಬೇಕು. ಚಿಕಿತ್ಸೆಗೆ ಬರುವವರೂ ಅಷ್ಟೇ, ನೋಂದಣಿ ಸಂಖ್ಯೆ ಕೇಳಲು ಸಂಕೋಚ ಪಡಬಾರದು. ಇನ್‌ಸ್ಟಾಗ್ರಾಮಿನಲ್ಲಿ ಎಷ್ಟು ಜನ ಹಿಂಬಾಲಿಸುತ್ತಾರೆ ಎಂಬುದು ಅರ್ಹತೆ ಅಲ್ಲ.

ಬಾಗಿಲು ಇಲ್ಲದ ಮನೆಗಳು

ಹೊನ್ನಾವರದ ಹಳ್ಳಿಯೊಂದರ ಮನೆಯನ್ನು ಊಹಿಸಿಕೊಳ್ಳಿ. ಜಗಲಿಯಲ್ಲಿ ಮಾವ ಕೂತಿದ್ದಾರೆ. ಒಳಗೆ ಅತ್ತೆ, ಮಕ್ಕಳು. ಕೋಣೆಗೆ ಬಾಗಿಲಿದ್ದರೂ ಹಗಲಲ್ಲಿ ಸೊಸೆ ಒಳಗೆ ಹೋಗಿ ಚಿಲಕ ಹಾಕಿದರೆ ಮನೆಯಿಡೀ ಪ್ರಶ್ನೆ. ನೆಟ್‌ವರ್ಕ್ ಸಿಗುವುದು ಅಂಗಳದ ತುದಿಯಲ್ಲಿ, ಬಾವಿಕಟ್ಟೆಯ ಹತ್ತಿರ. ಫೋನು ಗಂಡನದ್ದು. ಈ ಹೆಂಗಸು ಐವತ್ತು ನಿಮಿಷ ಯಾರ ಜೊತೆ, ಏನು ಮಾತಾಡಬೇಕು? ಮಾತಾಡಬೇಕಾದ ವಿಷಯ ಆ ಮನೆಯದ್ದೇ ಆಗಿದ್ದರೆ?

ಇದು ಅಪರೂಪದ ಸ್ಥಿತಿ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಸ್ವಂತ ಮೊಬೈಲ್ ಇದೆ ಎಂದ ಹೆಂಗಸರು ದೇಶದಲ್ಲಿ ಶೇ. 54 ಮಾತ್ರ. ಹಾಗಾಗಿ ಮೊದಲ ಕರೆಯಲ್ಲಿ 'ಏನು ತೊಂದರೆ' ಎಂದು ಕೇಳುವ ಮೊದಲು ಕೇಳಬೇಕಾದ ಮಾತುಗಳಿವೆ. 'ಅಕ್ಕಾ, ಈಗ ಎಲ್ಲಿ ಕೂತಿದ್ದೀರಿ? ಹತ್ರ ಯಾರಾದ್ರೂ ಇದ್ದಾರಾ? ಈ ಫೋನು ಬೇರೆ ಯಾರಾದ್ರೂ ನೋಡ್ತಾರಾ? ಯಾವ ಹೊತ್ತಿಗೆ ನಿಮಗೆ ಬಿಡುವು?' ಇವು ಶಿಷ್ಟಾಚಾರದ ಪ್ರಶ್ನೆಗಳಲ್ಲ. ಚಿಕಿತ್ಸೆಯ ಮೊದಲ ಭಾಗವೇ ಇದು.

ಹತ್ತಿರ ಯಾರೋ ಬಂದರೆ ಹೇಳಲು ಒಂದು ಮಾತು ಮೊದಲೇ ಗೊತ್ತು ಮಾಡಿಕೊಳ್ಳಬೇಕು. 'ದನ ಕರೀಲಿಕ್ಕೆ ಹೊತ್ತಾಯ್ತು, ಇಡ್ತೇನೆ' ಎಂದರೆ ಈಗ ಮಾತಾಡಲು ಆಗುವುದಿಲ್ಲ ಎಂದು ಅರ್ಥ. ಆಗ ಚಿಕಿತ್ಸಕರು ಮರುಪ್ರಶ್ನೆ ಕೇಳದೆ ಇಟ್ಟುಬಿಡಬೇಕು. ಬರೀ ಹೌದು, ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳು ಕೈಯಲ್ಲಿ ಸಿದ್ಧವಿರಬೇಕು. ಇಯರ್‌ಫೋನ್ ಹಾಕಿಕೊಂಡರೆ ಅರ್ಧ ಸಂಭಾಷಣೆಯಾದರೂ ಗುಟ್ಟಾಗಿ ಉಳಿಯುತ್ತದೆ. ನೆನಪೋಲೆ ಕಳಿಸುವಾಗ 'ಕೌನ್ಸೆಲಿಂಗ್' ಎಂಬ ಪದ ಬೇಡ, 'ನಾಳೆ 11ಕ್ಕೆ ಕರೆ ಮಾಡ್ತೇನೆ' ಸಾಕು. ಯುಪಿಐನಲ್ಲಿ ಹಣ ಪಡೆಯುವ ಖಾತೆಯ ಹೆಸರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅಲ್ಲಿ ಮಾನಸಿಕ ಚಿಕಿತ್ಸಾಲಯದ ಹೆಸರಿದ್ದರೆ ಗಂಡನ ಬ್ಯಾಂಕ್ ಪಟ್ಟಿಯಲ್ಲಿ ಅದು ಹಾಗೇ ಕಾಣುತ್ತದೆ. ಇಷ್ಟು ಸಣ್ಣ ವಿಷಯದಿಂದ ಒಬ್ಬರ ಚಿಕಿತ್ಸೆ ನಿಂತುಹೋಗಬಹುದು.

ಹೊತ್ತಿನ ವಿಷಯವೂ ಊರಿಗೆ ತಕ್ಕಂತೆ ಇರಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿಯುವ ಕೆಲಸ ಇರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ದೋಣಿಯ ಗಂಡಸರು ದಡದಲ್ಲೇ ಇರುತ್ತಾರೆ, ಕೈಯಲ್ಲಿ ಕಾಸಿರುವುದಿಲ್ಲ. ಕುಡಿತ ಬಿಡಬೇಕು ಎಂದುಕೊಂಡವರ ಜೊತೆ ಕೂತು ಮಾತಾಡಲು ಅದೇ ಸರಿಯಾದ ಕಾಲ. ಆದರೆ ಅದೇ ದಿನಗಳಲ್ಲಿ ಮನೆಯ ಹೆಂಗಸರಿಗೆ ಒಬ್ಬಳೇ ಕೂತು ಮಾತಾಡುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಬೆಂಗಳೂರಿನ ಕ್ಯಾಲೆಂಡರ್ ಇಟ್ಟುಕೊಂಡು ಇಲ್ಲಿಯವರಿಗೆ ಸಮಯ ಕೊಡಲು ಆಗುವುದಿಲ್ಲ.

ಧ್ವನಿ ಸಾಕು

ವಿಡಿಯೊ ಇದ್ದರೇ ಚಿಕಿತ್ಸೆ ಎಂಬ ಭಾವನೆ ಬಿಡಬೇಕು. ಲಾಕ್‌ಡೌನ್ ಕಾಲದಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂತದ್ದನ್ನು ಎಲ್ಲರೂ ನೋಡಿದ್ದೇವೆ. ಈಗ ಟವರ್‌ಗಳು ಜಾಸ್ತಿಯಾಗಿವೆ, ಹೌದು. ಆದರೆ ಗಾಳಿಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದರೆ ಎಲ್ಲ ಮತ್ತೆ ಮೌನ. ಅಂಥಲ್ಲಿ ನಿಂತು ನಿಂತು ಬರುವ ಮುಖಕ್ಕಿಂತ ಸ್ಪಷ್ಟವಾದ ಧ್ವನಿ ಎಷ್ಟೋ ಮೇಲು. ಸಾಮಾನ್ಯ ಫೋನ್ ಕರೆಗೆ ಡೇಟಾ ಬೇಡ, ಸ್ಮಾರ್ಟ್‌ಫೋನೂ ಬೇಡ. ಮುಖ ತೋರಿಸಲು ನಾಚುವವರಿಗೆ ಧ್ವನಿಯೇ ಹಿತ. ವಿಡಿಯೊ ಸಿಕ್ಕಾಗ ಬಳಸಿ, ಮೊದಲ ಒಂದೆರಡು ಸಲ ಮುಖ ನೋಡುವುದು ಒಳ್ಳೆಯದೂ ಹೌದು. ಆದರೆ ಇಡೀ ಚಿಕಿತ್ಸೆಯನ್ನು ಅದರ ಮೇಲೆ ಕಟ್ಟಬೇಡಿ.

ಧ್ವನಿಯ ಚಿಕಿತ್ಸೆಯಲ್ಲಿ ಕಷ್ಟದ ವಿಷಯ ಮೌನ. ಎದುರು ಕೂತಾಗ ಮೌನಕ್ಕೆ ಬೆಲೆ ಇದೆ. ಅಳುವವರು ಅಳಲಿ ಎಂದು ಚಿಕಿತ್ಸಕರು ಸುಮ್ಮನಿರುತ್ತಾರೆ, ಅವರು ಸುಮ್ಮನಿರುವುದು ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಿ ಅದೇ ಮೌನ ಲೈನ್ ಕಟ್ ಆದಂತೆ ಕೇಳುತ್ತದೆ. 'ಹಲೋ, ಕೇಳಿಸ್ತಾ ಇದ್ಯಾ?' ಎಂಬ ಒಂದು ಪ್ರಶ್ನೆ, ಬಾಯಿಗೆ ಬರುತ್ತಿದ್ದ ಮಾತನ್ನು ವಾಪಸ್ ಒಳಗೆ ನೂಕುತ್ತದೆ. ಇದಕ್ಕೆ ಮೊದಲ ದಿನವೇ ಒಪ್ಪಂದ ಬೇಕು: 'ನಾನು ಸುಮ್ನಿದ್ದರೆ ಲೈನಲ್ಲೇ ಇದ್ದೇನೆ ಅಂತ ತಿಳ್ಕೊಳ್ಳಿ. ನೀವೂ ಹೊತ್ತು ತಗೊಳ್ಳಿ.' ನಡುನಡುವೆ ಮೆಲ್ಲಗೆ 'ಹೂಂ' ಎನ್ನಬೇಕು. ಕರೆ ನಿಜವಾಗಿ ಕಟ್ ಆದರೆ ಮತ್ತೆ ಮಾಡುವವರು ಚಿಕಿತ್ಸಕರೇ ಎಂದು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಇಬ್ಬರೂ ಏಕಕಾಲಕ್ಕೆ ಮಾಡಿ ಇಬ್ಬರಿಗೂ ಬ್ಯುಸಿ ಸಿಗುತ್ತದೆ. ತೀರಾ ನೋವಿನ ವಿಷಯದ ನಡುವೆ ಕಟ್ ಆದವರಿಗೆ 'ನನ್ನ ಮಾತು ಕೇಳಿ ಇಟ್ಟುಬಿಟ್ಟರು' ಎಂದೇ ಅನ್ನಿಸಬಹುದು.

ಕಣ್ಣಿಗೆ ಕಾಣದ್ದನ್ನು ಬಾಯಿಬಿಟ್ಟು ಕೇಳುವ ಅಭ್ಯಾಸವೂ ಬೇಕು. ಕೈ ನಡುಗುವುದು, ಮೈ ಇಳಿದಿರುವುದು, ಸಾರಾಯಿ ವಾಸನೆ, ಕೆನ್ನೆಯ ಮೇಲಿನ ಗಾಯ, ಇವು ಫೋನಿನಲ್ಲಿ ಗೊತ್ತಾಗುವುದಿಲ್ಲ. ಮನಸ್ಸಿನ ನೋವನ್ನು ನಮ್ಮವರು ಮೈಯ ಮಾತಿನಲ್ಲಿ ಹೇಳುವುದೇ ಹೆಚ್ಚು: ತಲೆಭಾರ, ಎದೆ ಉರಿ, ಕೈಕಾಲು ಸೋತು ಬರ್ತದೆ. ಅದನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಲು ಭಾಷೆ ಬರಬೇಕು. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ, ಶಿರಸಿ ಸುತ್ತ ಹವ್ಯಕ ಕನ್ನಡ. ದೂರದ ಚಿಕಿತ್ಸೆಯ ನಿಜವಾದ ಲಾಭ ಇಲ್ಲಿದೆ. ಕೊಂಕಣಿ ಬಲ್ಲ ಮನಶ್ಶಾಸ್ತ್ರಜ್ಞೆ ಮಡಗಾಂವ್‌ನಲ್ಲಿದ್ದರೂ ಸದಾಶಿವಗಡದವರಿಗೆ ಸಿಗಬಹುದು.

ಇನ್ನೊಂದು ಲಾಭವನ್ನೂ ಹೇಳಬೇಕು. ಭಯದ ಚಿಕಿತ್ಸೆಯಲ್ಲಿ ಭಯ ಹುಟ್ಟುವ ಜಾಗಕ್ಕೇ ಸ್ವಲ್ಪ ಸ್ವಲ್ಪವಾಗಿ ಹೋಗುವ ಅಭ್ಯಾಸ ಮಾಡಿಸುತ್ತಾರೆ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಅದನ್ನು ಬರೀ ಊಹಿಸಬೇಕು. ಫೋನಿನಲ್ಲಾದರೆ ಚಿಕಿತ್ಸಕರು ಕಿವಿಯಲ್ಲಿದ್ದು ಜೊತೆಗೇ ಬರಬಹುದು. ಗುಡ್ಡ ಕುಸಿದ ಮೇಲೆ ಹೆದ್ದಾರಿಯ ಬಸ್ಸು ಹತ್ತಲು ಹೆದರುವವರು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಮೊದಲು ಒಂದೇ ಸ್ಟಾಪು ಹೋಗಿ ಇಳಿಯುವಾಗ, 'ಈಗ ಉಸಿರು ಹೇಗಿದೆ, ಇನ್ನೊಂದು ನಿಮಿಷ ನೋಡೋಣ' ಎನ್ನುವ ಧ್ವನಿ ಜೊತೆಗಿರುತ್ತದೆ. ಮಳೆ ಬಿಟ್ಟ ದಿನ, ರಸ್ತೆ ನಿಜವಾಗಿ ಸುರಕ್ಷಿತ ಇದ್ದಾಗ ಮಾತ್ರ ಇದನ್ನು ಮಾಡಬೇಕು, ಸ್ವತಃ ವಾಹನ ಓಡಿಸುವಾಗ ಖಂಡಿತ ಕೂಡದು.

ಹತ್ತು ನಿಮಿಷದಲ್ಲಿ ಬರುವವರು ಯಾರು?

ಎಲ್ಲಕ್ಕಿಂತ ಗಂಭೀರ ವಿಷಯ ಇದು. ಕರೆಯ ನಡುವೆ ಒಬ್ಬರು 'ನನಗೆ ಬದುಕೋದೇ ಬೇಡ' ಎಂದರೆ ನೂರು ಕಿಲೋಮೀಟರ್ ಆಚೆ ಕೂತವರು ಏನು ಮಾಡಬೇಕು? ಆ ಕ್ಷಣದಲ್ಲಿ ಯೋಚಿಸಲು ಹೊರಟರೆ ತಡವಾಗುತ್ತದೆ. ಪ್ರತಿ ಸಲ, ಮಾತು ಶುರುವಾಗುವ ಮೊದಲೇ, ಆ ವ್ಯಕ್ತಿ ಈಗ ಎಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಘಟ್ಟದ ಮೇಲೆ ಮನೆಗಳು ಒಂದಕ್ಕೊಂದು ದೂರ. ಊರ ಹೆಸರು ಹೇಳಿದರೆ ಆಂಬುಲೆನ್ಸಿನವರಿಗೆ ಮನೆ ಸಿಗುವುದಿಲ್ಲ. ಯಾವ ಶಾಲೆಯ ಹತ್ತಿರ, ಯಾವ ಬಸ್ ಸ್ಟಾಪಿನಿಂದ ಒಳಗೆ, ಹೊಳೆ ದಾಟಬೇಕಾ ಎಂಬುದೆಲ್ಲ ಬೇಕು.

ಚಿಕಿತ್ಸೆಗೆ ಬರುವವರೇ ಒಪ್ಪಿ ಹೆಸರಿಸಿದ, ಹತ್ತಿರದಲ್ಲೇ ಇರುವ ಒಬ್ಬರ ನಂಬರ್ ಮೊದಲ ದಿನವೇ ಪಡೆಯಬೇಕು. ಅದು ಗಂಡನೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ಅತ್ತಿಗೆ, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ ಯಾರಾದರೂ ಆಗಬಹುದು. ಹತ್ತಿರದ ಆರೋಗ್ಯ ಕೇಂದ್ರ ಮತ್ತು ಪೊಲೀಸ್ ಠಾಣೆಯ ನಂಬರ್ ಪಕ್ಕದಲ್ಲಿರಬೇಕು. ಚಿಕಿತ್ಸಕರ ಕೈಯಲ್ಲಿ ಎರಡು ಫೋನು ಇರಲೇಬೇಕು: ಒಂದರಲ್ಲಿ ಮಾತು ಬಿಡದೆ, ಇನ್ನೊಂದರಲ್ಲಿ 112 ಅಥವಾ ಆ ಹತ್ತಿರದವರಿಗೆ ಕರೆ. ಕೃಷಿಕರ ಮನೆಗಳಲ್ಲಿ ತೋಟದ ಔಷಧ, ಮಾತ್ರೆಗಳನ್ನು ಕೆಲವು ದಿನ ಬೇರೆಯವರ ಸುಪರ್ದಿಗೆ ಕೊಡಿಸುವ ಮಾತನ್ನು ನೇರವಾಗಿ ಆಡಬೇಕು. ಅಪಾಯದ ವಸ್ತು ಕೈಗೆ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ, ಇದು ಚೆನ್ನಾಗಿ ಸಾಬೀತಾದ ಸಂಗತಿ.

ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಸುಮ್ಮನಾಗುವ ಮನೆಯವರಿಗೆ ಕಾನೂನು ತಿಳಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎನ್ನುತ್ತದೆ, ಅವರಿಗೆ ಆರೈಕೆ ಕೊಡುವ ಹೊಣೆ ಸರ್ಕಾರದ್ದು ಎನ್ನುತ್ತದೆ. ಅದೇ ಕಾಯ್ದೆಯ 23ನೇ ಕಲಮು ಗುಟ್ಟು ಕಾಪಾಡುವ ಹಕ್ಕನ್ನು ಕೊಡುತ್ತದೆ, ಜೀವಕ್ಕೆ ಅಪಾಯ ಇದ್ದಾಗ ಅಗತ್ಯವಿದ್ದಷ್ಟು ಹೇಳಲು ಅವಕಾಶವನ್ನೂ ಕೊಡುತ್ತದೆ. ಈ ಮಿತಿಯನ್ನು ಮೊದಲ ಮಾತಿನಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಅಲ್ಲಿ ಗುಟ್ಟಿನ ಮಾತಿಲ್ಲ.

ಎಲ್ಲರಿಗೂ ಫೋನ್ ಚಿಕಿತ್ಸೆ ಹೊಂದುವುದಿಲ್ಲ. ಇಲ್ಲದ ಧ್ವನಿ ಕೇಳಿಸುವವರು, ಕೆಲವೇ ದಿನಗಳ ಹಿಂದೆ ಜೀವ ತೆಗೆದುಕೊಳ್ಳಲು ಹೋದವರು, ಕುಡಿತ ಬಿಟ್ಟಾಗ ಮೈ ನಡುಗಿ ಭ್ರಮೆ ಬರುವವರು, ಹೊಡೆಯುವವರು ಪಕ್ಕದ ಕೋಣೆಯಲ್ಲೇ ಇರುವ ಹೆಂಗಸರು, ಇಂಥವರಿಗೆ ಎದುರುಬದುರಿನ ಆರೈಕೆಯೇ ಬೇಕು. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಕಳಿಸಿ, ಅವರು ಅಲ್ಲಿಗೆ ತಲುಪಿದರಾ ಎಂದು ಫೋನ್ ಮಾಡಿ ಕೇಳುವುದು ಮನಶ್ಶಾಸ್ತ್ರಜ್ಞರ ಕೆಲಸ. ಇಷ್ಟಾದರೂ ಆ ಫೋನು ಉಪಕಾರ ಮಾಡುತ್ತದೆ.

ಆ್ಯಪ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕರೆ ಗೂಢಲಿಪಿಯಲ್ಲಿ ಹೋಗುವಂಥದ್ದು ಇರಲಿ, ಯಾವುದೇ ಮಾತನ್ನು ರೆಕಾರ್ಡ್ ಮಾಡಬೇಡಿ, ಕೆಲಸಕ್ಕೆ ಬೇರೆ ನಂಬರ್ ಇಡಿ, ಟಿಪ್ಪಣಿ ಬೀಗದಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಸಮಯ ಗೊತ್ತು ಮಾಡಿಕೊಳ್ಳಬಹುದು. ಮನಸ್ಸಿನ ಮಾತುಗಳನ್ನು ಅಲ್ಲಿ ಬರೆಯಿಸಬಾರದು, ಅದು ಫೋನಿನಲ್ಲೇ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಎಚ್ಚರಿಕೆಗೆ ಕಾನೂನಿನ ಬಲ ಕೊಟ್ಟಿದೆ.

ಎಲ್ಲಿಂದ ಶುರು?

ಹೊಸಬರು ಅಪರಿಚಿತರಿಂದ ಶುರು ಮಾಡಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ. ಈಗಾಗಲೇ ಎದುರು ಕೂತು ನೋಡಿದ, ಸ್ವಲ್ಪ ಚೇತರಿಸಿಕೊಂಡ ಕೆಲವರ ಮುಂದಿನ ಭೇಟಿಗಳನ್ನು ಮಾತ್ರ ಫೋನಿಗೆ ತನ್ನಿ. ಮೂರು ಸಲ ಫೋನು, ನಾಲ್ಕನೆಯ ಸಲ ಮುಖಾಮುಖಿ ಎಂಬಂತೆ ಮಾಡಿ ನೋಡಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳನ್ನು ಫೋನಿನಲ್ಲೇ ಓದಿ ಹೇಳಿ ಆಗಾಗ ಕೇಳಬಹುದು. ಅದರ ಕೊನೆಯ ಪ್ರಶ್ನೆ ಸಾವಿನ ಯೋಚನೆಯದ್ದು, ಅದನ್ನು ಅವಸರದಲ್ಲಿ ದಾಟಬಾರದು. ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ವಾರಕ್ಕೊಮ್ಮೆ ಕೂತು ನಡೆದದ್ದನ್ನು ಚರ್ಚಿಸಬೇಕು. ಒಂಟಿಯಾಗಿ ಮನೆಯಲ್ಲಿ ಕೂತು ದಿನಕ್ಕೆ ಎಂಟು ಜನರ ದುಃಖ ಕೇಳಿದರೆ ಚಿಕಿತ್ಸಕರೇ ಸೋತುಹೋಗುತ್ತಾರೆ.

ಸರ್ಕಾರದ ಕಡೆ ಅರ್ಧ ತಯಾರಿ ಈಗಾಗಲೇ ಇದೆ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. 14416ಕ್ಕೆ ದಿನದ ಯಾವ ಹೊತ್ತಿಗೆ ಕರೆ ಮಾಡಿದರೂ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ತುರ್ತಿಗೆ ಅದು ದೊಡ್ಡ ಆಸರೆ. ಆದರೆ ಎಂಟು ವಾರ ಒಬ್ಬರ ಜೊತೆಗೇ ನಡೆಯುವ ಚಿಕಿತ್ಸೆಯ ಜಾಗವನ್ನು ಸಹಾಯವಾಣಿ ತುಂಬಲಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಡಿದೆ. ಮುಖಾಮುಖಿ ಭೇಟಿಗೆ ಆ ಮಂಗಳವಾರ, ನಡುವಿನ ವಾರಗಳಿಗೆ ಫೋನು ಎಂದು ಜೋಡಿಸಿದರೆ ಹೊಸ ಕಟ್ಟಡವೇ ಬೇಡ.

ಬೇಕಾದದ್ದು ಆ ಕೋಣೆ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲಾಗದ ಹೆಂಗಸಿಗೆ, ಗುಡ್ಡ ಹತ್ತದೆ ನೆಟ್‌ವರ್ಕ್ ಸಿಗದ ಹುಡುಗನಿಗೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ. ಇ-ಸಂಜೀವಿನಿಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತು ದೂರದ ವೈದ್ಯರ ಜೊತೆ ಮಾತಾಡುವ ವ್ಯವಸ್ಥೆ ಈಗಲೇ ನಡೆಯುತ್ತಿದೆ. ಅದೇ ಉಪಕೇಂದ್ರದಲ್ಲಿ, ಇಲ್ಲವೇ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ), ವಾರಕ್ಕೆ ಎರಡು ಮಧ್ಯಾಹ್ನ ಚಿಲಕ ಇರುವ ಒಂದು ಕೋಣೆ, ಒಂದು ಫೋನು, ಇಯರ್‌ಫೋನು, ಕರೆಂಟು ಹೋದರೆ ಇನ್ವರ್ಟರ್. ಹೊರಗೆ ಆಶಾ ಅಕ್ಕನೋ ನರ್ಸೋ ಇರುತ್ತಾರೆ, ಅಂದರೆ ಹತ್ತು ನಿಮಿಷದಲ್ಲಿ ಬರುವವರು ಅಲ್ಲೇ ಇದ್ದಾರೆ. ಬಿಪಿ ನೋಡಿಸಲು ಬಂದವರೂ ಅದೇ ಬಾಗಿಲಿನಿಂದ ಬರುತ್ತಾರೆ, ಹಾಗಾಗಿ ಯಾರು ಯಾತಕ್ಕೆ ಬಂದರು ಎಂದು ಊರಿಗೆ ಗೊತ್ತಾಗುವುದಿಲ್ಲ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಭಾಗದ ನಾಲ್ಕೈದು ಪಂಚಾಯತಿಗಳಲ್ಲಿ ಜಿಲ್ಲಾಡಳಿತ ಇದನ್ನು ಮಾಡಿ ನೋಡಬಹುದು. ಮುಂದಿನ ಮಳೆಗಾಲಕ್ಕೆ ಮೊದಲೇ ಶುರುವಾಗಬೇಕು, ಯಾಕೆಂದರೆ ಜೂನ್ ನಂತರ ಆ ಊರುಗಳಿಗೆ ಹೋಗಿ ಕೋಣೆ ನೋಡಿಬರುವುದೂ ಕಷ್ಟ.